ಚಿಗರಿಯ ಪಥ ತೆರೆದರೆ ಆಗುವುದೇನು?

ಹುಬ್ಬಳ್ಳಿ–ಧಾರವಾಡ ನಡುವಿನ ತ್ವರಿತ ಬಸ್ ಸಾರಿಗೆಯ (ಬಿಆರ್‌ಟಿಎಸ್) ‘ಚಿಗರಿ’ ಬಸ್ಸುಗಳಿಗಾಗಿ ಇರುವ ಪ್ರತ್ಯೇಕ ಪಥವನ್ನು ಎಲ್ಲ ವಾಹನಗಳಿಗೂ ಬಿಟ್ಟುಕೊಡಬೇಕೆಂದು ಲೇಖನವೊಂದರಲ್ಲಿ ಓದಿದೆ. ಅದರ ಲೇಖಕರ ವಾದ ನನಗೆ ಒಪ್ಪಿಗೆಯಿಲ್ಲ. ಬಿಟ್ಟರೆ ನಾಲ್ಕು ದಿನ ಕಾರಿನವರಿಗೆ ಹಾಯೆನಿಸೀತು, ಆಮೇಲೆ ಚಿಗರಿಯೂ ಅದೇ ದಟ್ಟಣೆಯಲ್ಲಿ ತೆವಳಬೇಕು. 2018ರಲ್ಲಿ ಪ್ರಾಯೋಗಿಕವಾಗಿ ಓಡಲು ತೊಡಗಿದ ಈ ಬಸ್ಸಿನ ಗುಣವನ್ನು ಮೊಣಕಾಲು ನೋವಿನ ನನ್ನ ಅತ್ತೆಯನ್ನು ಕೇಳಬೇಕು: ನಿಲ್ದಾಣದ ಕಟ್ಟೆಯೂ ಬಸ್ಸಿನ ನೆಲವೂ ಒಂದೇ ಮಟ್ಟ, ಮೆಟ್ಟಿಲು ಹತ್ತುವ ಗೋಳಿಲ್ಲ. ಟಿಕೆಟ್ ಮೊದಲೇ ಕೈಯಲ್ಲಿರುವುದರಿಂದ ಚಿಲ್ಲರೆ ಜಗಳವೂ ಇಲ್ಲ. ಈ ಮಾರ್ಗದಲ್ಲಿ ನವಲೂರಿನ ಬಳಿ ಮಳೆನೀರು ನಿಲ್ಲುವುದು ನಿಜ. ಅದಕ್ಕೆ ಚರಂಡಿ ಸರಿಪಡಿಸಬೇಕೇ ಹೊರತು ಪಥ ಕೀಳುವುದಲ್ಲ.

ಲೇಖನ ಮುಟ್ಟದೇ ಬಿಟ್ಟದ್ದು ಈ ದಟ್ಟಣೆಯ ಹಿಂದಿರುವ ಮನೆಗಳ ವಿಚಾರ. ಹುಬ್ಬಳ್ಳಿಯ ಹಳೆಯ ಪೇಟೆಯಾದ ದುರ್ಗದ ಬೈಲಿನ ಸುತ್ತ ಕೆಳಗೆ ಅಂಗಡಿ, ಮೇಲೆ ಸಂಸಾರ ಎಂಬ ಪದ್ಧತಿಯಿತ್ತು. ಈಗ ಎಷ್ಟೋ ಮಹಡಿಗಳಲ್ಲಿ ಸೀರೆಯ ಗಂಟುಗಳೂ ಖಾಲಿ ರಟ್ಟಿನ ಡಬ್ಬಿಗಳೂ ವಾಸವಾಗಿವೆ, ಅವಕ್ಕೇನು ಬಸ್ ಬೇಕಿಲ್ಲ ಬಿಡಿ! ಬಾಡಿಗೆಗೆ ಮನೆ ಹುಡುಕುವವರು ಊರಾಚೆಯ ಲೇಔಟ್‌ಗೆ ಹೋಗಿ, ಮೊದಲು ಬೈಕ್ ಕೊಳ್ಳುತ್ತಾರೆ. ಹಳೆಯ ಕಟ್ಟಡ ಕೆಡವಿ ಕಟ್ಟುವವರಿಗೆ ಮೇಲಿನ ಒಂದೆರಡು ಅಂತಸ್ತನ್ನಾದರೂ ವಾಸಕ್ಕೇ ಮೀಸಲಿಡುವ ಷರತ್ತನ್ನು ಮಹಾನಗರ ಪಾಲಿಕೆ ಏಕೆ ಹಾಕಬಾರದು?