ಈ ಗರಗರ ಯಾರದು?

ಗದ್ದಲವನ್ನೂ ಸಂಗೀತವೆನ್ನುವ ಪ್ರಾಯೋಗಿಕ ಸಂಗೀತದ ಆಲ್ಬಂ ಹಾಕಿದ ಕೂಡಲೇ ನಾನು ಎದ್ದು ಹೋಗಿ ಸ್ಪೀಕರಿನ ವೈರು ಅಲ್ಲಾಡಿಸಿ ನೋಡುತ್ತೇನೆ. ಬರುತ್ತಿರುವ ಗರಗರ ಸಂಗೀತಗಾರನದೋ ವೈರಿನದೋ, ಮೊದಲು ಇತ್ಯರ್ಥವಾಗಬೇಕು. ಮನೆಯವರಿಗೆ ಈ ಗೊಡವೆಯೇ ಇಲ್ಲ. ಅವರ ಪ್ರಕಾರ ಇಬ್ಬರೂ ರಿಪೇರಿಗೆ ಹೋಗತಕ್ಕವರು.

ಈ ಪೇಚಿಗೆ ಘಟಾನುಘಟಿಗಳೂ ಸಿಕ್ಕಿದ್ದುಂಟು. 1969ರಲ್ಲಿ ಬೀಟಲ್ಸ್ ತಂಡದ ಜಾನ್ ಲೆನನ್ ಮತ್ತು ಅವರ ಪತ್ನಿ, ಕಲಾವಿದೆ ಯೋಕೋ ಓನೋ ಅವರ ‘ವೆಡ್ಡಿಂಗ್ ಆಲ್ಬಂ’ ವಿಮರ್ಶೆಗೆಂದು ಲಂಡನ್ನಿನ ‘ಮೆಲೋಡಿ ಮೇಕರ್’ ಪತ್ರಿಕೆಗೆ ಹೋಯಿತು. ಒಂದೊಂದೇ ಬದಿಗೆ ಹಾಡು ಒತ್ತಿದ್ದ ಎರಡು ಪರೀಕ್ಷಾ ಪ್ರತಿಗಳು ಅವು. ಹಿಂಬದಿಯಲ್ಲಿದ್ದದ್ದು ಎಂಜಿನಿಯರರ ಪರೀಕ್ಷೆಯ ಕುಂಯ್ ಸದ್ದು ಮಾತ್ರ. ವಿಮರ್ಶಕರು ಅದನ್ನೂ ಶ್ರದ್ಧೆಯಿಂದ ಕೇಳಿ, ಅದರೊಳಗಿನ ಸೂಕ್ಷ್ಮ ಏರಿಳಿತಗಳನ್ನು ಗುರುತಿಸಿ ಬರೆದರು. ದಂಪತಿಗಳು ಸಿಟ್ಟಾಗಲಿಲ್ಲ, ಬಹುಶಃ ಆ ಬದಿಗಳೇ ಅತ್ಯುತ್ತಮವಿರಬಹುದೆಂದು ಟೆಲಿಗ್ರಾಂ ಕಳಿಸಿದರು. ಜನ ಇದನ್ನು ಹೇಳಿಕೊಂಡು ನಗುತ್ತಾರೆ. ನನಗಂತೂ ಆ ವಿಮರ್ಶಕರ ಮೇಲೆ ಗೌರವವೇ. ಪೂರ್ತಿ ಕೇಳಿದರಲ್ಲ!

ಅಮೆರಿಕದ ರಾಕ್ ಗಾಯಕ ಲೂ ರೀಡ್ 1975ರಲ್ಲಿ ತಂದ ‘ಮೆಟಲ್ ಮಷೀನ್ ಮ್ಯೂಸಿಕ್’ನ ನಾಲ್ಕೂ ಬದಿ, ಸ್ಪೀಕರಿನ ಸದ್ದು ಗಿಟಾರಿಗೇ ಮರಳಿ ಹೊಕ್ಕು ಅರಚುವ ಫೀಡ್‌ಬ್ಯಾಕ್ ಗದ್ದಲ. ಕೊನೆಯ ಬದಿಯಲ್ಲಿ ರೆಕಾರ್ಡಿನ ಮುಳ್ಳು ಓಡುವ ಕಟ್ಟಕಡೆಯ ಗೆರೆ ತನ್ನಲ್ಲೇ ಸುತ್ತಿಕೊಂಡಿದೆ. ಕೇಳುಗ ಎದ್ದು ಮುಳ್ಳೆತ್ತದ ಹೊರತು ನಿಲ್ಲದು.

ಹಳೆಯದನ್ನು ಮರುಬಿಡುಗಡೆ ಮಾಡುವಾಗಲಂತೂ ಪೇಚು ಇಮ್ಮಡಿ. ಮೂಲ ಟೇಪು ಸಿಕ್ಕರೆ ಸರಿ. ಸಿಗದಿದ್ದರೆ ಯಾರದೋ ಮನೆಯಲ್ಲಿ ಉಳಿದ ರೆಕಾರ್ಡನ್ನೇ ನುಡಿಸಿ ನಕಲು ತೆಗೆಯುತ್ತಾರೆ. ಆಗ ಆ ಪುಣ್ಯಾತ್ಮ ಎಂದೋ ಕೈಜಾರಿ ಬೀಳಿಸಿ ಮಾಡಿದ ಗೀರೂ ಪ್ರತಿಯೊಂದು ಹೊಸ ಪ್ರತಿಯಲ್ಲಿ ಟಕ್ ಟಕ್ ಎನ್ನುತ್ತದೆ. ಅಳಿಸೋಣವೆಂದರೆ, ಗದ್ದಲವೇ ಕಲೆಯಾದ ಕಡೆ ಯಾವ ಟಕ್ ಕಲಾವಿದನದು, ಯಾವುದು ಪುಣ್ಯಾತ್ಮನದು? ‘ಗರಗರ ತೆಗೆದು ಶುದ್ಧಗೊಳಿಸಲಾಗಿದೆ’ ಎಂಬ ಚೀಟಿ ಕಂಡರೆ ನಾನು ಆ ಪ್ರತಿಯನ್ನು ಕೆಳಗಿಡುತ್ತೇನೆ.

ಅಮೆರಿಕದ ಸಂಗೀತ ಸಂಯೋಜಕ ವಿಲಿಯಂ ಬಸಿನ್ಸ್ಕಿ, ಸುತ್ತುತ್ತಲೇ ಇರುವಂತೆ ತುದಿಗೆ ತುದಿ ಅಂಟಿಸಿದ ತಮ್ಮ 1980ರ ದಶಕದ ಟೇಪುಗಳನ್ನು 2001ರಲ್ಲಿ ಡಿಜಿಟಲ್‌ಗೆ ಇಳಿಸಲು ಹೊರಟಾಗ, ತಿರುಗಿದಷ್ಟೂ ಟೇಪಿನ ಮೇಲಿನ ಕಾಂತೀಯ ಲೇಪ ಉದುರತೊಡಗಿತು. ಅವರು ನಿಲ್ಲಿಸಲಿಲ್ಲ. ಸ್ವರ ಸುತ್ತು ಸುತ್ತಿಗೂ ಸವೆದು ಮೌನವಾಗುವುದೇ ‘ಡಿಸ್‌ಇಂಟಿಗ್ರೇಷನ್ ಲೂಪ್ಸ್’ ಆಯಿತು. 2012ರಲ್ಲಿ ಅದನ್ನೇ ದೊಡ್ಡ ಪೆಟ್ಟಿಗೆಯಲ್ಲಿಟ್ಟು ಮರುಬಿಡುಗಡೆ ಮಾಡಿದರು, ಆ ಸವೆತ ಇನ್ನಷ್ಟು ಸವೆಯದ ಹಾಗೆ.

ಇತ್ತ ಹೊಸಬರು ಐವತ್ತೋ ನೂರೋ ಪ್ರತಿಯ ಲೆಕ್ಕದಲ್ಲಿ ಕ್ಯಾಸೆಟ್ಟು ಮಾಡುತ್ತಾರೆ, ಜೊತೆಗೊಂದು ಡೌನ್‌ಲೋಡ್ ಕೋಡ್. ಟೇಪ್ ರೆಕಾರ್ಡರ್ ಇಲ್ಲದವರೂ ಕೊಳ್ಳುತ್ತಾರೆ. ಕೇಳುವುದು ಫೈಲು, ಕಪಾಟಿನಲ್ಲಿ ಕೂರುವುದು ಕ್ಯಾಸೆಟ್ಟು. ಇವರನ್ನು ಬರಿಯ ಸಂಗ್ರಹಕೋರರೆಂದು ಗೇಲಿ ಮಾಡುವವರಿದ್ದಾರೆ. ಮಾಡಲಿ. ಮೂವತ್ತು ವರ್ಷದ ಮೇಲೆ ಮರುಬಿಡುಗಡೆಗೆ ಸವೆಯದ ಪ್ರತಿಯೊಂದು ಬೇಕಾದಾಗ, ಕಂಪನಿಯವರು ಬಾಗಿಲು ತಟ್ಟಬೇಕಾದದ್ದು ಇವರದೇ. ದಿನಾ ಕೇಳಿದ ನನ್ನಂಥವರದಲ್ಲ.