ದೂರ ಭಾಗಿಸು ವೇಗ, ಅಷ್ಟೇನಾ?

ನಿನ್ನೆ ಹಾಸನದಲ್ಲಿ ಒಂದು ಬೀಗರೂಟ. ಮುದ್ದೆ ಮುರಿಯುವ ಹೊತ್ತಿಗೆ ಎದುರು ಸಾಲಿನ ಹಿರಿಯರೊಬ್ಬರು ಮೊಬೈಲ್ ತೆಗೆದು ಶುರು ಮಾಡಿದರು. 'ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ 14,000 ಕಿಲೋಮೀಟರ್. ವಿಮಾನ ಗಂಟೆಗೆ 900 ಹೋಗುತ್ತೆ. ಹದಿನೈದೂವರೆ ಗಂಟೆ ಸಾಕು. ಈ ವಿಮಾನ ಕಂಪನಿಯವರು ಹದಿನೇಳು ಅಂತಾರೆ. ಉತ್ತರ ಧ್ರುವದ ಕಡೆ ಸುತ್ತು ಹಾಕಿಸಿ ದುಡ್ಡು ಕೀಳ್ತಾರೆ ಕಣಯ್ಯ!' ಸಾಲಿಡೀ ಹೌದು ಹೌದು ಅಂದಿತು. ಇಂಜಿನಿಯರ್ ಹುಡುಗರೂ ತಲೆಯಾಡಿಸಿದರು!

ಸುತ್ತಲ್ಲ ಸ್ವಾಮಿ, ಅದೇ ಹತ್ತಿರದ ದಾರಿ. ಗ್ಲೋಬ್ ಮೇಲೆ ಎರಡೂ ಊರಿಗೆ ದಾರ ಇಟ್ಟು ಬಿಗಿಯಾಗಿ ಎಳೆಯಿರಿ. ಅದು ತಾನಾಗಿಯೇ ಧ್ರುವದ ಹತ್ತಿರಕ್ಕೆ ಜಾರುತ್ತದೆ. ಗೋಡೆಯ ನಕ್ಷೆಗೆ ಸ್ಕೇಲ್ ಹಿಡಿದು ಗೆರೆ ಎಳೆದು ಅದೇ ದಾರಿಯಲ್ಲಿ ಹೋದರೆ 2,000 ಕಿ.ಮೀ. ಜಾಸ್ತಿಯೇ ಆಗುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಧ್ರುವದ ದಾರಿಯಲ್ಲಿ ನೇರ ಬಂದು ಬೆಂಗಳೂರಿನಲ್ಲಿ ಇಳಿದಾಗ ಇದೇ ಜನ ಚಪ್ಪಾಳೆ ಹೊಡೆದಿದ್ದರು.

ಇನ್ನು ಆ ಭಾಗಾಕಾರ. 900 ಅನ್ನುವುದು ಗಾಳಿಯೊಳಗಿನ ವೇಗ, ನೆಲದ ಲೆಕ್ಕದ್ದಲ್ಲ. ಮೇಲೆ ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಗಾಳಿ ಬೀಸುತ್ತದೆ. 2020ರ ಫೆಬ್ರುವರಿಯಲ್ಲಿ ಬಿರುಗಾಳಿ ಬೆನ್ನಿಗೆ ಸಿಕ್ಕಿ ನ್ಯೂಯಾರ್ಕ್‌ನಿಂದ ಲಂಡನ್‌ಗೆ ಒಂದು ವಿಮಾನ ಐದು ಗಂಟೆಯೊಳಗೇ ತಲುಪಿತು. ಅದೇ 5,500 ಕಿ.ಮೀ. ವಾಪಸ್ ಹೋಗುವಾಗ ಎದುರುಗಾಳಿಗೆ ಏಳು ಗಂಟೆ ದಾಟುತ್ತದೆ. ಭಾಗಿಸಿ ನೋಡೋಣ! 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ನಮ್ಮ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. ದೆಹಲಿಯಿಂದ ಯುರೋಪಿಗೆ ಹೋಗುವವರ ಸಮಯ ಜಾಸ್ತಿಯಾಯಿತು. ಊರುಗಳೇನು ದೂರ ಸರಿದವಾ?

ನಮ್ಮ ಕಡೆಯವರಿಗೆ ಇದನ್ನೆಲ್ಲ ಹೇಳಿಕೊಡಬೇಕಾ? ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ಯಾರಾದರೂ ಕಿಲೋಮೀಟರ್ ಕೇಳುತ್ತಾರಾ? ಮಂಜಿದೆಯಾ, ಲಾರಿ ಸಿಕ್ಕಿಕೊಂಡಿದೆಯಾ ಅಂತ ಕೇಳುತ್ತಾರೆ. ವಿಮಾನ ಅಂದ ಕೂಡಲೇ ಎಲ್ಲರಿಗೂ ಮಗ್ಗಿ ನೆನಪಾಗುತ್ತದೆ.

ಕಂಪನಿಗಳು ಟೈಮ್ ಸ್ವಲ್ಪ ಜಾಸ್ತಿ ಬರೆಯುತ್ತವೆ ಅನ್ನುತ್ತೀರಾ? ಬರೆಯುತ್ತವೆ, ಇಲ್ಲ ಅನ್ನಲ್ಲ. ಟಿಕೆಟ್‌ನ ಸಮಯ ಗೇಟಿನಿಂದ ಗೇಟಿಗೆ. ರನ್‌ವೇವರೆಗೆ ತೆವಳುವುದು, ಸಾಲಿನಲ್ಲಿ ಕಾಯುವುದು, ಇಳಿದ ಮೇಲೆ ಮತ್ತೆ ತೆವಳುವುದು, ಎಲ್ಲ ಅದರಲ್ಲೇ. ಬೇಗ ಇಳಿಸಿದರೆ ಯಾರಿಗೆ ನಷ್ಟ? ಹತ್ತು ನಿಮಿಷ ತಡವಾದರೆ ಬಯ್ಯುವವರೂ ಇವರೇ.

ನಿಜ ಹೇಳಲಾ? ಇಷ್ಟು ಮಾತಾಡುವ ನಾನು ದೆಹಲಿ ದಾಟಿ ಹಾರಿಲ್ಲ. ಮಗಳು ಇರುವುದು ಅಮೆರಿಕದಲ್ಲಿ. ಅವಳು ಬರುವ ರಾತ್ರಿ, ವಿಮಾನ ಎಲ್ಲಿದೆ ಅಂತ ತೋರಿಸುವ ಮೊಬೈಲ್ ಆ್ಯಪ್‌ನಲ್ಲಿ ಆ ಹಳದಿ ವಿಮಾನ ತೆವಳುವುದನ್ನೇ ನೋಡುತ್ತಾ ಕೂರುತ್ತೇನೆ. ಕಲಿತಿದ್ದೆಲ್ಲ ಹಾಗೇ. ಸಿಗ್ನಲ್ ಹೋದಾಗ ಬಿಪಿ ಏರುತ್ತದೆ. ಅಂಥ ಹೊತ್ತಲ್ಲಿ 'ಸುಮ್ನೆ ಸುತ್ತಿಸ್ತಾರೆ' ಅಂದರೆ ಸಿಟ್ಟು ಬರಲ್ವಾ?

ಭಾಗಾಕಾರ ಮಾಡಲೇಬೇಕು ಅಂತ ಕೈ ತುರಿಸುತ್ತಿದ್ದರೆ ಬೂವನಹಳ್ಳಿಯದು ಮಾಡಿ. 2007ರಲ್ಲಿ ಅಲ್ಲೇ ಹಾಸನದ ವಿಮಾನ ನಿಲ್ದಾಣಕ್ಕೆ ಅಡಿಗಲ್ಲು ಹಾಕಿದ್ದು. ಅಲ್ಲಿಂದ ಮೊದಲ ವಿಮಾನ ಏಳುವುದಕ್ಕೆ ಗಂಟೆಗೆ 900ರಂತೆ ಇನ್ನೆಷ್ಟು ಹೊತ್ತು ಬೇಕು ಅಂತ ಕಾಮೆಂಟ್‌ನಲ್ಲಿ ಬರೆಯಿರಿ.