ಡಾಕ್ಟರ ಮುಂದೆ ‘ಚೆನ್ನಾಗಿದ್ದೀನಿ’ ಅನ್ನಬೇಡಿ

ಅಮ್ಮನ ಸ್ತನ ಕ್ಯಾನ್ಸರ್ ಚಿಕಿತ್ಸೆಗೆ ಜೊತೆಯಲ್ಲಿ ಓಡಾಡಿದವಳು ನಾನು. ಅದು ಗೊತ್ತಿರುವವರು ತಮ್ಮ ಮನೆಯಲ್ಲಿ ಯಾರಿಗಾದರೂ ಕೀಮೋ ಶುರುವಾದಾಗ ನನಗೆ ಫೋನ್ ಮಾಡುತ್ತಾರೆ. ಏನು ಊಟ ಕೊಡಬೇಕು, ಕೂದಲು ಯಾವಾಗ ಉದುರುತ್ತದೆ, ಪಪ್ಪಾಯಿ ಎಲೆ ರಸ ಕುಡಿಸಬಹುದಾ ಅಂತ ಕೇಳುತ್ತಾರೆ. ಗೊತ್ತಿರುವಷ್ಟು ಹೇಳುತ್ತೇನೆ. ಆದರೆ ಅದಕ್ಕೂ ಮೊದಲು ಒಂದು ಮಾತು ಹೇಳುತ್ತೇನೆ. ಡಾಕ್ಟರ್ ‘ಹೇಗಿದ್ದೀರಮ್ಮ?’ ಅಂತ ಕೇಳಿದರೆ ‘ಚೆನ್ನಾಗಿದ್ದೀನಿ’ ಅಂದು ಎದ್ದು ಬರಬೇಡಿ.

ನಮ್ಮಮ್ಮ ತಿಪಟೂರು ಕಡೆಯವಳು. ಜ್ವರ ಬಂದರೂ ಕೊಟ್ಟಿಗೆ ಕೆಲಸ ಬಿಟ್ಟವಳಲ್ಲ. ಎರಡನೇ ಕೀಮೋ ಆದಮೇಲೆ ಅವಳ ಬಾಯಿ ತುಂಬಾ ಹುಣ್ಣಾಯಿತು. ನೀರು ನುಂಗುವಾಗಲೂ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಅಷ್ಟಿದ್ದರೂ ಡಾಕ್ಟರ ಎದುರು ಕೂತು ‘ಏನೂ ತೊಂದರೆ ಇಲ್ಲ ಡಾಕ್ಟ್ರೇ, ಚೆನ್ನಾಗಿದೀನಿ’ ಅಂದಳು. ‘ಇಲ್ಲ ಡಾಕ್ಟ್ರೇ, ಮೂರು ಹೊತ್ತೂ ಏನೂ ತಿಂತಿಲ್ಲ’ ಅಂತ ನಾನು ಹೇಳಿದ ಮೇಲೆ ಅವರು ಬಾಯಿ ತೆಗೆಸಿ ಟಾರ್ಚ್ ಹಾಕಿ ನೋಡಿದರು. ಹುಣ್ಣಿನ ಮೇಲೆ ಬೆಳ್ಳಗೆ ಫಂಗಸ್ ಕೂತಿತ್ತು. ಬಾಯಿಗೆ ಹಚ್ಚುವ ಔಷಧಿ ಬರೆದರು. ಊಟಕ್ಕೆ ಮುಂಚೆ ಬಾಯಿ ಮರಗಟ್ಟಿಸುವ ಒಂದು ಜೆಲ್ ಕೊಟ್ಟರು. ಅಡುಗೆ ಸೋಡಾ ಮತ್ತು ಚಿಟಿಕೆ ಉಪ್ಪು ಹಾಕಿದ ಉಗುರುಬೆಚ್ಚಗಿನ ನೀರಲ್ಲಿ ಆಗಾಗ ಬಾಯಿ ಮುಕ್ಕಳಿಸಲು ಹೇಳಿದರು. ಕೆಲವೇ ದಿನಕ್ಕೆ ಅಮ್ಮ ಮೊಸರನ್ನ ತಿಂದಳು.

ಹೊರಗೆ ಬಂದಮೇಲೆ ‘ಯಾಕಮ್ಮಾ ಹೇಳಲಿಲ್ಲ?’ ಅಂತ ಕೇಳಿದೆ. ‘ಅಷ್ಟು ದೊಡ್ಡ ಕಾಯಿಲೆಗೆ ಔಷಧಿ ಕೊಡ್ತಾವ್ರೆ, ಇಷ್ಟಾದ್ರೂ ತಡ್ಕೋಬಾರದಾ?’ ಅಂದಳು.

ಈ ಮಾತನ್ನು ಆಮೇಲೆ ಡೇ ಕೇರ್ ವಾರ್ಡಿನಲ್ಲಿ ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ. ತಡೆದುಕೊಳ್ಳುವವಳು ಗಟ್ಟಿಗಿತ್ತಿ, ಹೇಳಿಕೊಳ್ಳುವವಳು ರಗಳೆಯವಳು ಅಂತ ನಾವೇ ಹೆಣ್ಣುಮಕ್ಕಳಿಗೆ ಚಿಕ್ಕಂದಿನಿಂದ ಕಲಿಸಿದ್ದೇವೆ. ಅದರ ಜೊತೆಗೆ ಭಯಗಳೂ ಇರುತ್ತವೆ. ತೊಂದರೆ ಇದೆ ಅಂದರೆ ಕೀಮೋ ನಿಲ್ಲಿಸಿಬಿಟ್ಟರೆ? ಇನ್ನೊಂದು ಟೆಸ್ಟ್ ಬರೆದು ಖರ್ಚು ಜಾಸ್ತಿ ಆದರೆ? ಹೊರಗೆ ಅಷ್ಟು ಜನ ಕಾಯುತ್ತಿರುವಾಗ ಡಾಕ್ಟರ ಹೊತ್ತು ಯಾಕೆ ಹಾಳು ಮಾಡಬೇಕು? ಗಂಡಸರೂ ಇದಕ್ಕೆ ಹೊರತಲ್ಲ. ಪಕ್ಕದ ಬೆಡ್ಡಿನಲ್ಲಿದ್ದ ಒಬ್ಬ ಹಿರಿಯರು ‘ಸಂಕಟ ಆದಷ್ಟೂ ಔಷಧಿ ಚೆನ್ನಾಗಿ ಕೆಲಸ ಮಾಡ್ತಿದೆ ಅಂತ ಅರ್ಥ’ ಅನ್ನುತ್ತಿದ್ದರು. ಇದು ಸುಳ್ಳು. ಅಡ್ಡಪರಿಣಾಮಕ್ಕೂ ಕ್ಯಾನ್ಸರ್ ಕರಗುವುದಕ್ಕೂ ಹಾಗೆ ಲೆಕ್ಕ ಇಲ್ಲ. ಏನೂ ಆಗಲಿಲ್ಲ ಅಂದರೆ ಔಷಧಿ ಹತ್ತಿಲ್ಲ ಅಂತಲೂ ಅಲ್ಲ.

ಕೀಮೋ ಔಷಧಿಗಳು ಬೇಗಬೇಗ ಬೆಳೆದು ಎರಡಾಗುವ ಜೀವಕೋಶಗಳನ್ನು ಹೊಡೆಯುತ್ತವೆ. ಕ್ಯಾನ್ಸರ್ ಕೋಶ ಹಾಗೆ ಬೆಳೆಯುತ್ತದೆ. ಆದರೆ ಕೂದಲಿನ ಬುಡ, ಬಾಯಿಯ ಒಳಪದರ, ಕರುಳಿನ ಒಳಪದರ, ರಕ್ತ ತಯಾರಾಗುವ ಮೂಳೆಮಜ್ಜೆ, ಇವೂ ಹಾಗೇ ಬೆಳೆಯುತ್ತವೆ. ಅದಕ್ಕೇ ಕೂದಲು ಉದುರುವುದು, ಹುಣ್ಣಾಗುವುದು, ಭೇದಿಯಾಗುವುದು, ರಕ್ತಕಣಗಳ ‘ಕೌಂಟ್’ ಇಳಿಯುವುದು. ಇವುಗಳಲ್ಲಿ ಬಹುಪಾಲಿಗೆ ಇವತ್ತು ಔಷಧಿ ಇದೆ, ಉಪಾಯ ಇದೆ. ಹೇಳಿದರೆ ಮಾತ್ರ ಅದು ಸಿಗುತ್ತದೆ.

ವಾಂತಿಯನ್ನೇ ತೆಗೆದುಕೊಳ್ಳಿ. ಕೀಮೋ ಅಂದರೆ ಬಕೆಟ್ ಪಕ್ಕ ಇಟ್ಟುಕೊಂಡು ಮಲಗುವುದು ಅನ್ನುವ ಚಿತ್ರ ನಮ್ಮ ತಲೆಯಲ್ಲಿ ಕೂತಿರುವುದು ಹಳೆಯ ಕಾಲದಿಂದ. ಅಮೆರಿಕದಲ್ಲಿ ವಾಂತಿ ತಡೆಯುವ ಒಂಡಾನ್ಸೆಟ್ರಾನ್ ಇಂಜೆಕ್ಷನ್‌ಗೆ ಅನುಮತಿ ಸಿಕ್ಕಿದ್ದು 1991ರಲ್ಲಿ. ಆಮೇಲೆ ಅಪ್ರೆಪಿಟಂಟ್ ಬಂತು. ಈಗ ಇವನ್ನು ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್ ಜೊತೆ ಸೇರಿಸಿ ಕೀಮೋಗೆ ಮುಂಚೆಯೇ ಕೊಡುತ್ತಾರೆ. ಇಷ್ಟಾದರೂ ನಿಲ್ಲದಿದ್ದರೆ ಓಲಾನ್ಜಪಿನ್ ಸೇರಿಸುತ್ತಾರೆ. ಇದು ಮೂಲದಲ್ಲಿ ಮಾನಸಿಕ ಕಾಯಿಲೆಯ ಔಷಧಿ. ನಮಗೆ ಇದನ್ನು ಬರೆದುಕೊಟ್ಟಾಗ ಮೆಡಿಕಲ್ ಶಾಪಿನ ಹುಡುಗ ‘ಇದು ತಲೆ ಕೆಟ್ಟವರಿಗೆ ಕೊಡೋದು’ ಅಂದುಬಿಟ್ಟ. ಅಮ್ಮ ನುಂಗಲು ಒಪ್ಪಲಿಲ್ಲ. ಸಿಸ್ಟರ್ ಫೋನಿನಲ್ಲಿ ಮಾತಾಡಿ ಒಪ್ಪಿಸಿದರು. ಈ ಮಾತ್ರೆಯಿಂದ ತುಂಬಾ ನಿದ್ದೆ ಬರುತ್ತದೆ ಅನ್ನುವ ದೂರು ಇತ್ತು. ಮುಂಬಯಿಯ ಟಾಟಾ ಮೆಮೋರಿಯಲ್ ಸೆಂಟರಿನ ವೈದ್ಯರು 2024ರಲ್ಲಿ ಇದರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. 10 ಮಿಲಿಗ್ರಾಂ ಬದಲು 2.5 ಮಿಲಿಗ್ರಾಂ ಕೊಟ್ಟರೂ ವಾಂತಿ ಅಷ್ಟೇ ಚೆನ್ನಾಗಿ ನಿಲ್ಲುತ್ತದೆ, ಮಂಪರು ಕಡಿಮೆ ಆಗುತ್ತದೆ ಅಂತ ಅದರಲ್ಲಿ ಗೊತ್ತಾಯಿತು. ನಮ್ಮ ದೇಶದ ವೈದ್ಯರೇ ಇಷ್ಟು ಕೂಲಂಕಷವಾಗಿ ವಾಂತಿಯ ಬಗ್ಗೆ ಕೆಲಸ ಮಾಡಿರುವಾಗ, ನಾವು ವಾಂತಿಯಾಗುತ್ತಿದೆ ಅಂತ ಹೇಳಲೂ ಹಿಂಜರಿದರೆ ಹೇಗೆ?

ಯಾರೂ ಬಾಯಿಬಿಡದ ಇನ್ನೊಂದು ತೊಂದರೆ ಮಲಬದ್ಧತೆ. ವಾಂತಿ ನಿಲ್ಲಿಸುವ ಒಂಡಾನ್ಸೆಟ್ರಾನೇ ಹೊಟ್ಟೆ ಕಟ್ಟಿಸುತ್ತದೆ. ನೋವಿನ ಮಾತ್ರೆ ಸೇರಿದರೆ ಇನ್ನೂ ಜಾಸ್ತಿ. ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡ ತಾಯಿ ಗಂಡಸು ಡಾಕ್ಟರ ಹತ್ತಿರ ಇದನ್ನು ಹೇಗೆ ಹೇಳುತ್ತಾಳೆ? ಹೇಳುವುದಿಲ್ಲ. ಹೊಟ್ಟೆ ಉಬ್ಬಿ, ಊಟ ಬಿಟ್ಟು, ಮೂಲವ್ಯಾಧಿಯಾಗಿ ರಕ್ತ ಬರುವವರೆಗೂ ಹೇಳುವುದಿಲ್ಲ. ಕೌಂಟ್ ಕಡಿಮೆ ಇರುವಾಗ ಅಲ್ಲಿ ಗಾಯವಾದರೆ ಸೋಂಕು ತಗಲುವ ಅಪಾಯವಿದೆ. ಅದೇ ಕಾರಣಕ್ಕೆ ಕೇಳದೆ ಎನಿಮಾ ಮಾಡುವುದೂ ಸರಿಯಲ್ಲ. ಒಂದು ಸಿರಪ್ಪಿನಿಂದ ಸರಿಹೋಗುವ ವಿಷಯ ಇದು. ಮಗನೋ ಅಳಿಯನೋ ಜೊತೆಗೆ ಹೋಗುವ ಮನೆಗಳಲ್ಲಿ ದಯವಿಟ್ಟು ಒಂದು ಸಲವಾದರೂ ಹೆಂಗಸರೊಬ್ಬರು ಜೊತೆಗೆ ಹೋಗಿ. ಇಲ್ಲವೇ ಎರಡು ನಿಮಿಷ ನೀವು ಹೊರಗೆ ನಿಂತುಕೊಳ್ಳಿ.

ಈಗ ಜ್ವರದ ವಿಷಯ. ಈ ಬರಹದಲ್ಲಿ ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ. ಸಾಮಾನ್ಯವಾಗಿ ಕೀಮೋ ಆದ 7ರಿಂದ 14 ದಿನಗಳ ನಡುವೆ ಬಿಳಿ ರಕ್ತಕಣಗಳು ತೀರಾ ಇಳಿದಿರುತ್ತವೆ. ಆಗ ಸಣ್ಣ ಸೋಂಕೂ ಕೆಲವೇ ಗಂಟೆಗಳಲ್ಲಿ ರಕ್ತಕ್ಕೆ ಹರಡಬಹುದು. ಮನೆಯಲ್ಲಿ ಥರ್ಮಾಮೀಟರ್ ಇರಲೇಬೇಕು. ಮೈ ಮುಟ್ಟಿ ನೋಡಿ ‘ಸ್ವಲ್ಪ ಬಿಸಿ ಅಷ್ಟೇ’ ಅನ್ನಬೇಡಿ. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಆಸ್ಪತ್ರೆಗೆ ಫೋನ್ ಮಾಡಿ ಹೊರಡಬೇಕು, ಅದು ನಡುರಾತ್ರಿಯಾದರೂ ಸರಿ. ಮೊದಲು ಡೋಲೋ ನುಂಗಿಸಿ ಬೆಳಗ್ಗೆ ನೋಡೋಣ ಅಂತ ಮಲಗಬೇಡಿ. ಮಾತ್ರೆ ಜ್ವರವನ್ನು ಮುಚ್ಚುತ್ತದೆ, ಒಳಗಿನ ಸೋಂಕು ಬೆಳೆಯುತ್ತಲೇ ಇರುತ್ತದೆ. ಜ್ವರ ಇಲ್ಲದೆ ಬರೀ ಚಳಿ ನಡುಕ ಬಂದರೂ ಹೋಗಬೇಕು. ಎಮರ್ಜೆನ್ಸಿಯಲ್ಲಿ ‘ಜ್ವರ’ ಅಂದರೆ ಸಾಲಿನಲ್ಲಿ ಕೂರಿಸುತ್ತಾರೆ. ‘ಕೀಮೋ ಆಗಿದೆ, ಜ್ವರ ಬಂದಿದೆ’ ಅನ್ನಿ, ಫೈಲ್ ತೋರಿಸಿ. ತಡಮಾಡದೆ ನರಕ್ಕೆ ಆ್ಯಂಟಿಬಯಾಟಿಕ್ ಹೋಗಬೇಕು. ಅಮ್ಮನಿಗೆ ಒಮ್ಮೆ ಹೀಗಾಗಿ ಅಡ್ಮಿಟ್ ಮಾಡಿದೆವು. ಸೋಂಕಿನ ಜೊತೆ ಹೋರಾಡುವ ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣ 500ಕ್ಕಿಂತ ಕೆಳಗೆ ಇಳಿದಿತ್ತು. ಆರೋಗ್ಯವಂತರಲ್ಲಿ ಅದು ಸಾವಿರದ ಐನೂರಕ್ಕಿಂತ ಮೇಲಿರುತ್ತದೆ. ಆ ರಾತ್ರಿಯೂ ಅಮ್ಮ ‘ಬೆಳಗ್ಗೆ ಹೋದ್ರಾಯ್ತು, ನಿಮಗ್ಯಾಕೆ ನಿದ್ದೆಗೆಡೋದು’ ಅನ್ನುತ್ತಿದ್ದಳು.

ಆಮೇಲಿನ ಪ್ರತಿ ಕೀಮೋ ನಂತರ ಹೊಟ್ಟೆಯ ಚರ್ಮಕ್ಕೆ ಒಂದು ಇಂಜೆಕ್ಷನ್ ಕೊಟ್ಟರು. ಮಜ್ಜೆಯನ್ನು ಎಬ್ಬಿಸಿ ಬಿಳಿ ಕಣ ಮಾಡಿಸುವ ಔಷಧಿ ಅದು. ಅದಕ್ಕೆ ಸೊಂಟ, ಮೂಳೆ ಎಲ್ಲ ನೋಯುತ್ತದೆ. ಆ ನೋವಿಗೂ ಮಾತ್ರೆ ಇದೆ, ಅದನ್ನೂ ಕೇಳಿ.

ಪಪ್ಪಾಯಿ ಎಲೆ ರಸಕ್ಕೆ ಬರುತ್ತೇನೆ. ಡೆಂಗ್ಯೂ ಕಾಲದಲ್ಲಿ ಪ್ಲೇಟ್‌ಲೆಟ್ ವಿಷಯಕ್ಕೆ ಹಬ್ಬಿದ ಮಾತು ಅದು. ಕೀಮೋದಲ್ಲಿ ನಾವು ಜಾಸ್ತಿ ಹೆದರಬೇಕಾಗಿರುವುದು ಬಿಳಿ ರಕ್ತಕಣ ಇಳಿಯುವುದಕ್ಕೆ. ಎರಡೂ ಬೇರೆ ಬೇರೆ. ಅಮೃತಬಳ್ಳಿ ಕಷಾಯ ಕುಡಿದು ಯಕೃತ್ತಿಗೆ ಪೆಟ್ಟಾದ ಪ್ರಕರಣಗಳನ್ನು ಕೋವಿಡ್ ಸಮಯದಲ್ಲಿ ನಮ್ಮ ದೇಶದ ವೈದ್ಯರೇ ವರದಿ ಮಾಡಿದ್ದಾರೆ. ಬಹಳಷ್ಟು ಕೀಮೋ ಔಷಧಿಗಳನ್ನು ಕರಗಿಸಿ ಹೊರಹಾಕುವುದು ಅದೇ ಯಕೃತ್ತು. ‘ಇಂಗ್ಲಿಷ್ ಔಷಧಿ ವಿಷ, ನಮ್ಮ ಗಿಡಮೂಲಿಕೆ ಅಮೃತ’ ಅನ್ನುವವರಿಗೆ ನಾನು ಒಂದು ವಿಷಯ ಹೇಳುತ್ತೇನೆ. ನಮ್ಮ ಮನೆ ಮುಂದೆ, ದೇವಸ್ಥಾನದ ಅಂಗಳದಲ್ಲಿ ಬೆಳೆಯುವ ಸದಾಪುಷ್ಪ ಇದೆಯಲ್ಲ, ಕಾಶಿ ಕಣಗಿಲೆ ಅಂತಾರಲ್ಲ, ಅದರಿಂದಲೇ ವಿನ್‌ಕ್ರಿಸ್ಟಿನ್ ಅನ್ನುವ ಕೀಮೋ ಔಷಧಿ ಸಿಕ್ಕಿದ್ದು. 1960ರ ದಶಕದಿಂದ ರಕ್ತ ಕ್ಯಾನ್ಸರ್ ಇರುವ ಮಕ್ಕಳಿಗೆ ಕೊಡುತ್ತಿದ್ದಾರೆ. ಅಮ್ಮನಿಗೆ ಕೊಟ್ಟ ಪ್ಯಾಕ್ಲಿಟ್ಯಾಕ್ಸೆಲ್ ಮೊದಲು ಸಿಕ್ಕಿದ್ದು ಯೂ ಮರದ ತೊಗಟೆಯಲ್ಲಿ. ಗಿಡದಲ್ಲಿ ಶಕ್ತಿ ಇರುವುದು ನಿಜ. ಅದಕ್ಕೇ ಎಷ್ಟು, ಯಾವಾಗ ಅನ್ನುವ ಲೆಕ್ಕ ಬೇಕು. ಮನೆಯಲ್ಲಿ ಏನೇ ಕುಡಿಸುತ್ತಿದ್ದರೂ ಡಾಕ್ಟರಿಗೆ ಹೇಳಿ. ಅವರು ಬೈದರೂ ಪರವಾಗಿಲ್ಲ.

ಊಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಒಬ್ಬೊಬ್ಬರಿಗೆ ಒಂದೊಂದು ಸೇರುತ್ತದೆ. ಅಮ್ಮನಿಗೆ ಒಗ್ಗರಣೆ ವಾಸನೆ ಬಂದರೇ ಹೊಟ್ಟೆ ತೊಳಸುತ್ತಿತ್ತು. ಬಿಸಿ ಅನ್ನಕ್ಕಿಂತ ಆರಿದ ಅನ್ನ ಸೇರುತ್ತಿತ್ತು, ಅದರಲ್ಲಿ ವಾಸನೆ ಕಡಿಮೆ. ರಾಗಿ ಅಂಬಲಿ, ಇಡ್ಲಿ, ಮನೆಯಲ್ಲೇ ಹೆಪ್ಪು ಹಾಕಿದ ಮೊಸರು, ಬೇಯಿಸಿದ ಮೊಟ್ಟೆ, ತೆಳ್ಳಗಿನ ಬೇಳೆಕಟ್ಟು. ಬಾಯೆಲ್ಲ ಕಬ್ಬಿಣದ ರುಚಿ ಅಂದಾಗ ಸ್ಟೀಲ್ ಚಮಚ ಬಿಟ್ಟು ಪ್ಲಾಸ್ಟಿಕ್ ಚಮಚ ಕೊಟ್ಟೆವು. ತಟ್ಟೆ ತುಂಬಾ ಬಡಿಸಿ ‘ತಿನ್ನು ತಿನ್ನು’ ಅನ್ನಬೇಡಿ, ಎರಡು ಗಂಟೆಗೊಮ್ಮೆ ಎರಡು ತುತ್ತು ಕೊಡಿ.

ಕೂದಲು ಎರಡು ಮೂರು ವಾರಕ್ಕೆ ಉದುರಲು ಶುರುವಾಯಿತು. ತಿರುಪತಿಯಲ್ಲಿ ಮುಡಿ ಕೊಟ್ಟು ಬಂದವಳು ನಮ್ಮಮ್ಮ, ಆಗ ನಗುತ್ತಿದ್ದಳು. ಈಗ ದಿಂಬಿನ ಮೇಲೆ ಕೂದಲು ನೋಡಿ ಅತ್ತಳು. ‘ಮುತ್ತೈದೆ ಬೋಳು ತಲೇಲಿ ಇರಬಾರದು’ ಅಂತ ಊರಿನವರೊಬ್ಬರು ಅವಳ ಮುಂದೆಯೇ ಅಂದಿದ್ದರು. ಕಾಯಿಲೆಯವರನ್ನು ನೋಡಲು ಬಂದು ಇಂಥ ಮಾತಾಡುವವರನ್ನು ಬಾಗಿಲಲ್ಲೇ ನಿಲ್ಲಿಸಿ. ಇದು ನನ್ನ ಗಟ್ಟಿ ಅಭಿಪ್ರಾಯ. ಅಳು, ನಿದ್ದೆ ಬಾರದಿರುವುದು, ಯಾರೂ ಬೇಡ ಅನಿಸುವುದು, ಇವೂ ಡಾಕ್ಟರಿಗೆ ಹೇಳಬೇಕಾದ ತೊಂದರೆಗಳೇ.

ಹೇಳಿದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ದೊಡ್ಡ ಪುರಾವೆ ಇದೆ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ 766 ರೋಗಿಗಳನ್ನು ಎರಡು ಗುಂಪು ಮಾಡಿದರು. ಎಲ್ಲರಿಗೂ ಕ್ಯಾನ್ಸರ್ ಹರಡಿತ್ತು, ಎಲ್ಲರೂ ಕೀಮೋ ತೆಗೆದುಕೊಳ್ಳುತ್ತಿದ್ದರು. ಒಂದು ಗುಂಪಿನವರು ವಾಂತಿ, ನೋವು, ಸುಸ್ತು ಇಂಥವನ್ನು ನಿಯಮಿತವಾಗಿ ಕಂಪ್ಯೂಟರಿನಲ್ಲಿ ತುಂಬಿ ಕಳಿಸುತ್ತಿದ್ದರು. ತೊಂದರೆ ಜಾಸ್ತಿಯಾದರೆ ನರ್ಸಿಗೆ ಮೆಸೇಜ್ ಹೋಗುತ್ತಿತ್ತು. ಇನ್ನೊಂದು ಗುಂಪಿಗೆ ಮಾಮೂಲಿ ಆರೈಕೆ. ಫಲಿತಾಂಶ 2017ರಲ್ಲಿ ಬಂತು. ಮಾಮೂಲಿ ಗುಂಪಿನಲ್ಲಿ ಅರ್ಧದಷ್ಟು ಜನ ಬದುಕಿದ್ದದ್ದು 26 ತಿಂಗಳವರೆಗೆ. ತೊಂದರೆ ಹೇಳಿಕೊಂಡವರಲ್ಲಿ ಅದು 31 ತಿಂಗಳು ದಾಟಿತು. ಹೊಸ ಕೀಮೋ ಔಷಧಿ ಏನನ್ನೂ ಕೊಟ್ಟಿರಲಿಲ್ಲ. ಬರೀ ಕೇಳಿದರು, ಅವರು ಹೇಳಿದರು, ಬೇಗ ನೋಡಿಕೊಂಡರು.

ಇದನ್ನು ಓದಿದ ಮೇಲೆ ನಾನು ಅಮ್ಮನನ್ನು ‘ಹೇಗಿದ್ದೀಯ’ ಅಂತ ಕೇಳುವುದನ್ನೇ ಬಿಟ್ಟೆ. ‘ನಿನ್ನೆಯಿಂದ ಎಷ್ಟು ಲೋಟ ನೀರು ಕುಡಿದೆ? ಎಷ್ಟು ಸಲ ವಾಂತಿ ಆಯ್ತು? ಮೋಷನ್ ಆಯ್ತಾ? ಕೈಕಾಲು ಜುಮ್ಮೆನ್ನುತ್ತಾ?’ ಅಂತ ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದೆ. ಡಾಕ್ಟರ್ ಆ ಪುಸ್ತಕವನ್ನೇ ಈಸಿಕೊಂಡು ಓದುತ್ತಿದ್ದರು. ಪ್ಯಾಕ್ಲಿಟ್ಯಾಕ್ಸೆಲ್ ಶುರುವಾದ ಮೇಲೆ ಅಮ್ಮ ತಾನಾಗಿಯೇ ಹೇಳಿದಳು: ‘ಚಪ್ಪಲಿ ಕಾಲಿಂದ ಜಾರಿದ್ದು ಗೊತ್ತಾಗಲ್ಲ, ಕುಪ್ಪಸದ ಹುಕ್ ಹಾಕೋಕೆ ಆಗ್ತಿಲ್ಲ.’ ನರಕ್ಕೆ ಪೆಟ್ಟಾಗುವ ಲಕ್ಷಣ ಅದು. ಬಿಟ್ಟರೆ ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತದೆ. ಡಾಕ್ಟರ್ ಡೋಸ್ ಇಳಿಸಿದರು. ಅಮ್ಮ ಹೆದರಿದಂತೆ ಕೀಮೋ ನಿಲ್ಲಲಿಲ್ಲ, ಅಷ್ಟೂ ಮುಗಿಸಿದಳು. ಪಾದದಲ್ಲಿ ಸ್ವಲ್ಪ ಮರಗಟ್ಟಿದ ಹಾಗೆ ಇನ್ನೂ ಇದೆ, ಆದರೂ ತೋಟಕ್ಕೆ ಓಡಾಡುತ್ತಾಳೆ.

ರೋಗಿಗಳು ಹೇಳಬೇಕು ಅಂತ ಇಷ್ಟು ಬರೆದೆ. ಹೇಳಲು ಜಾಗವನ್ನೂ ಕೊಡಬೇಕಲ್ವಾ? ನಮಗೆ ಮೊದಲ ಕೀಮೋ ದಿನ ಸಿಕ್ಕ ಹಾಳೆ ಪೂರ್ತಿ ಇಂಗ್ಲಿಷಿನಲ್ಲಿತ್ತು, ಅಕ್ಷರ ಸಣ್ಣದು. ಅದರಲ್ಲಿದ್ದ ನಂಬರಿಗೆ ಸಂಜೆಯ ಮೇಲೆ ಯಾರೂ ಸಿಗುತ್ತಿರಲಿಲ್ಲ. 2025ರಲ್ಲಿ ನಮ್ಮ ರಾಜ್ಯ ಸರ್ಕಾರ ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋ ಕೇಂದ್ರಗಳನ್ನು ಶುರುಮಾಡಿತು. ಪ್ರತಿ ಸಲ ಬೆಂಗಳೂರಿನ ಕಿದ್ವಾಯಿಗೋ ಇನ್ನೆಲ್ಲಿಗೋ ಬಸ್ಸು ಹತ್ತಬೇಕಾಗಿದ್ದವರಿಗೆ ಇದು ನಿಜಕ್ಕೂ ದೊಡ್ಡ ಸಹಾಯ. ಆದರೆ ಕೀಮೋ ಹಾಕಿಸಿಕೊಂಡವರು ಸಂಜೆ ಮನೆಗೆ ಹೋಗುತ್ತಾರೆ, ಜ್ವರ ಬರುವುದು ವಾರದ ಮೇಲೆ, ಅದೂ ಹಳ್ಳಿಯಲ್ಲಿ, ರಾತ್ರಿ. ಆದ್ದರಿಂದ ಆ ಕೇಂದ್ರಗಳನ್ನು ನಡೆಸುವವರಲ್ಲಿ, ಖಾಸಗಿ ಆಸ್ಪತ್ರೆಗಳಲ್ಲೂ ನನ್ನದೊಂದು ಬೇಡಿಕೆ. ಮನೆಗೆ ಕಳಿಸುವಾಗ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಒಂದು ಹಾಳೆ ಕೊಡಿ. 100.4 ಅನ್ನುವುದು ಅದರ ಮೇಲೆಯೇ ಇರಲಿ. ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಏನು ಮಾಡಬೇಕು ಅಂತ ಅಲ್ಲಿನ ಡ್ಯೂಟಿ ಡಾಕ್ಟರಿಗೆ ಎರಡು ಸಾಲು ಬರೆದಿರಲಿ. ರಾತ್ರಿ ಎತ್ತುವ ಒಂದು ಫೋನ್ ನಂಬರ್ ಇರಲಿ. ಮೂರನೇ ದಿನ ಒಮ್ಮೆ, ಹತ್ತನೇ ದಿನ ಒಮ್ಮೆ ಸಿಸ್ಟರೊಬ್ಬರು ಮನೆಗೆ ಫೋನ್ ಮಾಡಲಿ. ‘ಚೆನ್ನಾಗಿದೀನಿ’ ಅಂತ ಉತ್ತರ ಬಂದರೆ ಅಷ್ಟಕ್ಕೇ ಫೋನ್ ಇಡದೆ, ಇವತ್ತು ಏನು ತಿಂದಿರಿ ಅಂತ ಕೇಳಲಿ.